ಇಕ್ಕಳದ ಸಾಹೇಬನ ಫ್ಯಾನು

ಮೀನಿಗೂ ಗಾಳಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಬಸವಕುಮಾರ ಒಂದೇ ಮಾತು ಹೇಳುತ್ತಿದ್ದ: “ಎರಡೂ ಒಂದೇ ಫೈಲಿನಾಗ ಅದಾವು.” ಅದಕ್ಕಿಂತ ಹೆಚ್ಚಿನ ಸಂಬಂಧ ಅವನಿಗೂ ಗೊತ್ತಿರಲಿಲ್ಲ.

ಹೊಸಪೇಟೆಯಿಂದ ಡ್ಯಾಮಿಗೆ ಹೋಗುವ ರಸ್ತೆಯ ಬದಿಯಲ್ಲಿ ತಗಡಿನ ಚಾವಣಿಯ ಎರಡು ಕೋಣೆಗಳ ಒಂದು ಸಂಶೋಧನಾ ಕೇಂದ್ರವಿತ್ತು. ಅದರ ನಿರ್ದೇಶಕರು ಡಾಕ್ಟರ್ ಗಾದಿಲಿಂಗಪ್ಪ. ನಾಲ್ಕು ವರ್ಷದ ಹಿಂದೆ ಅವರು ಬೆಂಗಳೂರಿಗೆ ಎರಡು ಅರ್ಜಿ ಕಳಿಸಿದ್ದರು. ಒಂದು, ಮೀನು ಕೊಯ್ದ ಮೇಲೆ ಉಳಿಯುವ ತಲೆ, ಕರುಳು, ಬಾಲಗಳಿಂದ ಏನಾದರೂ ಉಪಯೋಗಕ್ಕೆ ಬರುವಂಥದ್ದನ್ನು ತೆಗೆಯುವುದು. ಇನ್ನೊಂದು, ಗುಡ್ಡದ ಮೇಲೆ ನಿಲ್ಲಿಸಿದ ಗಾಳಿಯಂತ್ರ ಯಾರ ಸಹಾಯವೂ ಇಲ್ಲದೆ ಗಾಳಿ ಬಂದ ಕಡೆಗೆ ಮುಖ ತಿರುಗಿಸಿಕೊಳ್ಳುವಂತೆ ಮಾಡುವುದು. ಬೆಂಗಳೂರಿನಲ್ಲಿ ಯಾರೋ ಪುಣ್ಯಾತ್ಮರು ಎರಡು ಅರ್ಜಿಗಳನ್ನೂ ಒಂದೇ ದಾರದಲ್ಲಿ ಕಟ್ಟಿಬಿಟ್ಟರು. ಮಂಜೂರಾತಿ ಬಂದಾಗ ಯೋಜನೆ ಒಂದೇ ಆಗಿತ್ತು, ಹುದ್ದೆಯೂ ಒಂದೇ ಆಗಿತ್ತು. ಆ ಹುದ್ದೆಗೆ ಬಂದವನು ಬಸವಕುಮಾರ.

ಅವನು ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಯ ಹುಡುಗ. ಆ ಮನೆಯ ಹೊಸ್ತಿಲನ್ನು ಒಂದು ಕೋಳಿಮೊಟ್ಟೆ ಕೂಡ ಇದುವರೆಗೆ ದಾಟಿರಲಿಲ್ಲ. ನೇಮಕದ ಕಾಗದ ಹಿಡಿದು ಬಂದ ದಿನ ಅವನು ಅದನ್ನು ಅಜ್ಜಿ ಹಂಪಮ್ಮನ ಮುಂದೆ ಗಟ್ಟಿಯಾಗಿ ಓದಿದ. ಅಜ್ಜಿ ಕವಡೆಯಂಥ ಕಣ್ಣು ಅಗಲಿಸಿದಳು.

“ಮೀನಾ? ಗಾಳಿ ಅಂದಿದ್ದಿ ನನಗ.”

“ಗಾಳೀನೂ ಐತಿ ಅಜ್ಜಿ.”

“ಗಾಳಿ ಬೇಕಾದಷ್ಟು ಮುಟ್ಟು. ಮೀನ ಮಾತ್ರ ಕೈಲೆ ಮುಟ್ಟಬ್ಯಾಡ. ಮಾತ ಕೊಡು.”

ಅವನು ಮಾತು ಕೊಟ್ಟ. ಅಜ್ಜಿ ಒಳಗೆ ಹೋಗಿ ಒಲೆಯ ಪಕ್ಕದಿಂದ ಮೊಳದುದ್ದದ, ತೆಳು ಉಕ್ಕಿನ ಒಂದು ಇಕ್ಕಳ ತಂದು ಅವನ ಕೈಗಿಟ್ಟಳು. “ಇದು ದಿನಾ ಬೆಂಕಿ ಮುಟ್ಟತೈತಿ. ಬೆಂಕಿ ಮುಟ್ಟಿದ್ದಕ್ಕ ಯಾವ ಮೈಲಿಗೀನೂ ಅಂಟಂಗಿಲ್ಲ.” ಇದನ್ನು ಯಾವ ಸ್ವಾಮಿಗಳೂ ಹೇಳಿರಲಿಲ್ಲ. ಅಜ್ಜಿ ಅಡುಗೆಮನೆಯಿಂದ ಪಡಸಾಲೆಗೆ ಬರುವ ಹನ್ನೊಂದು ಹೆಜ್ಜೆಗಳಲ್ಲಿ ತಾನೇ ಕಂಡುಕೊಂಡ ಸಿದ್ಧಾಂತ ಅದು.

ಹೀಗೆ ಬಸವಕುಮಾರ ಮೂರು ವರ್ಷ ಮೀನಿನ ಮೇಲೆ ಸಂಶೋಧನೆ ಮಾಡಿದ. ಒಂದು ದಿನವೂ ಮೀನು ಮುಟ್ಟಲಿಲ್ಲ. ತಲೆಗಳನ್ನು ಇಕ್ಕಳದಿಂದ ಎತ್ತಿ ತೂಗಿದ, ಕರುಳನ್ನು ಇಕ್ಕಳದಿಂದ ಎತ್ತಿ ಬೆಲ್ಲದ ಜೊತೆ ನೀಲಿ ಡ್ರಮ್ಮಿಗೆ ಹಾಕಿದ. ಇಕ್ಕಳದ ಹಲ್ಲುಗಳಿಗೆ ಮೀನಿನ ಮೈಮೇಲಿನ ಹುರುಪೆಗಳು ಅಂಟಿ, ಒಣಗಿ, ಪದರ ಪದರವಾಗಿ ಕೂತು, ಅದು ಈಗ ಬಿಸಿಲಿಗೆ ಹಿಡಿದರೆ ಬೆಳ್ಳಿಯಂತೆ ಹೊಳೆಯುತ್ತಿತ್ತು.

ದಿನಾ ಬೆಳಿಗ್ಗೆ ಡ್ಯಾಮಿನ ಕಡೆಯಿಂದ ಶೇರ್ ಆಟೋದಲ್ಲಿ ಬುಟ್ಟಿ ತರುತ್ತಿದ್ದವಳು ತಿಪ್ಪಕ್ಕ. ನಲವತ್ತು ವರ್ಷದಿಂದ ಮೀನು ಕೊಯ್ಯುವವಳು, ಬಾಯಿ ಅವಳ ಈಳಿಗೆಗಿಂತ ಒಂದು ಕೈ ಹರಿತ. ಬಸವಕುಮಾರ ಬಾಗಿಲಲ್ಲಿ ಕಂಡರೆ ಸಾಕು, ಬುಟ್ಟಿಯ ಕಡೆ ತಿರುಗಿ, “ಏಳ್ರವ್ವ ಎಲ್ಲಾರೂ, ಇಕ್ಕಳದ ಸಾಹೇಬ್ರು ಬಂದ್ರು,” ಎಂದು ಮೀನಿನ ತಲೆಗಳಿಗೆ ಹೇಳುತ್ತಿದ್ದಳು.

ಮೀನಿನ ಅರ್ಧ ಚೆನ್ನಾಗಿಯೇ ನಡೆದಿತ್ತು. ಬೆಲ್ಲದಲ್ಲಿ ಕೊಳೆತ ಕರುಳಿನ ರಸವನ್ನು ಕಮಲಾಪುರದ ಬಾಳೆ ತೋಟದವರು ಗಿಡಕ್ಕೆ ಹಾಕಿ, ಗೊನೆ ದಪ್ಪ ಬಂತು ಎಂದು ಮತ್ತೆ ಕೇಳಿಕೊಂಡು ಬಂದಿದ್ದರು. ಮುಳ್ಳಿನ ಪುಡಿಯನ್ನು ಕೋಳಿಗಳು ತಿಂದಿದ್ದವು. ಗಾದಿಲಿಂಗಪ್ಪನವರು ಪ್ರತಿಯೊಂದನ್ನೂ ಬಾಟಲಿಗೆ ತುಂಬಿ, ಸ್ಯಾಂಪಲ್ ಒಂದು, ಸ್ಯಾಂಪಲ್ ಎರಡು ಎಂದು ಚೀಟಿ ಅಂಟಿಸಿ, ಕಪಾಟಿನಲ್ಲಿಟ್ಟು, ಮಧ್ಯಾಹ್ನ ಊಟವಾದ ಮೇಲೆ ಅವುಗಳ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು.

ಗಾಳಿಯ ಅರ್ಧ ಬಸವಕುಮಾರನ ಪ್ರಾಣ. ಸಂಡೂರಿನ ಹತ್ತಿರದ ಒಂದು ಬೋಳು ಗುಡ್ಡದ ಮೇಲೆ ಅರವತ್ತು ಅಡಿಯ ಕಂಬ, ಅದರ ಮೇಲೆ ಮೂರು ರೆಕ್ಕೆಯ ಯಂತ್ರ. ಸುತ್ತಲಿನವರು ಅದನ್ನು ಫ್ಯಾನು ಎನ್ನುತ್ತಿದ್ದರು. ಫ್ಯಾನಿನ ನೆತ್ತಿಯ ಮೇಲೆ ಗಾಳಿಯ ದಿಕ್ಕು ತೋರಿಸುವ ಒಂದು ಬಾಣ. ಬಾಣದ ಬಾಲದಲ್ಲಿ ಅಗಲವಾದ ತಗಡು, ಮೂತಿಯಲ್ಲಿ ಸಣ್ಣ ಗುಂಡು. ಬೀಸುವ ಗಾಳಿ ಬಾಲವನ್ನು ಹಿಂದಕ್ಕೆ ತಳ್ಳುತ್ತದೆ, ಮೂತಿ ಗಾಳಿಯ ಕಡೆ ನಿಲ್ಲುತ್ತದೆ. ಬಸವಕುಮಾರ ಬರೆದ ಪ್ರೋಗ್ರಾಂ ಆ ಬಾಣವನ್ನು ನೋಡುತ್ತದೆ. ನೋಡಿದ ತಕ್ಷಣ ನಂಬುವುದಿಲ್ಲ. ಬಾಣ ಎರಡು ನಿಮಿಷ ಒಂದೇ ಮಾತು ಹೇಳಿದರೆ ಮಾತ್ರ ಮೋಟಾರಿಗೆ ಹೇಳಿ ಫ್ಯಾನಿನ ಕತ್ತು ತಿರುಗಿಸುತ್ತದೆ. ಆ ಎರಡು ನಿಮಿಷ ಅವನ ಹೆಮ್ಮೆ. “ನನ್ನ ಫ್ಯಾನು ಗಾಳಿಮಾತು ಕೇಳಂಗಿಲ್ಲ,” ಎಂದು ಅವನು ಗೆಳೆಯರಿಗೆ ಹೇಳುತ್ತಿದ್ದ. ಗೆಳೆಯರು ನಗುತ್ತಿರಲಿಲ್ಲ.

ಈಗ ಮೂರು ವರ್ಷ ಮುಗಿಯುತ್ತ ಬಂದಿತ್ತು. ಆಷಾಢದ ಎರಡನೆಯ ಗುರುವಾರ ಬೆಂಗಳೂರಿನಿಂದ ತಜ್ಞರು ಬರುವವರಿದ್ದರು. ಪರೀಕ್ಷೆ ಸರಳ: ಹನ್ನೊಂದರಿಂದ ಹನ್ನೆರಡರವರೆಗೆ, ಪೂರ್ತಿ ಅರವತ್ತು ನಿಮಿಷ, ಫ್ಯಾನು ಗಾಳಿಗೆ ಮುಖ ಕೊಟ್ಟು ನಿಲ್ಲಬೇಕು. ಮನುಷ್ಯರ ಕೈ ಯಂತ್ರಕ್ಕೆ ತಾಗಬಾರದು. ನಿಂತರೆ ಇನ್ನೆರಡು ವರ್ಷ. ನಿಲ್ಲದಿದ್ದರೆ ಫೈಲಿನ ದಾರ ಬಿಗಿದು ಅಟ್ಟಕ್ಕೆ, ಬಸವಕುಮಾರ ಕಂಪ್ಲಿಗೆ. ಗಿರಣಿಯಲ್ಲಿ ತಕ್ಕಡಿಯ ಪಕ್ಕ ಅವನಿಗೊಂದು ಕುರ್ಚಿ ಮೊದಲಿನಿಂದಲೂ ಕಾಯುತ್ತಿತ್ತು. ಹೋದ ವಾರ ಅಪ್ಪ ಅದಕ್ಕೆ ದಿಂಬನ್ನೂ ಹೊಲಿಸಿದ್ದರು. ಆ ದಿಂಬಿನ ನವಿಲಿನ ಚಿತ್ರ ಬಸವಕುಮಾರನ ಕಣ್ಣ ಮುಂದೆ ಕುಣಿಯುತ್ತಿತ್ತು.

ಕುಣಿಯಲು ಕಾರಣವೂ ಇತ್ತು. ಒಂದು ತಿಂಗಳಿಂದ ಫ್ಯಾನು ಕೆಟ್ಟಿತ್ತು. ದಿನವೆಲ್ಲ ಸರಿ ಇರುವುದು, ಹತ್ತು ಗಂಟೆಯಾದರೆ ಸಾಕು, ಮುನಿಸಿಕೊಂಡವರಂತೆ ಗಾಳಿಗೆ ಬೆನ್ನು ಹಾಕುವುದು. ಹನ್ನೆರಡಕ್ಕೆ ಮತ್ತೆ ಸರಿ. ಹೊಸಪೇಟೆಯ ಕೋಣೆಯಲ್ಲಿ ಕೂತು ಅಂಕಿಗಳನ್ನು ನೋಡಿದರೆ, ಬಾಣವೇ ಗಾಳಿ ಪಶ್ಚಿಮದಿಂದಲ್ಲ ಪೂರ್ವದಿಂದ ಎನ್ನುತ್ತಿತ್ತು. ಆಷಾಢದಲ್ಲಿ ಪೂರ್ವದ ಗಾಳಿ! ಅವನು ಪ್ರೋಗ್ರಾಮನ್ನು ಹತ್ತೊಂಬತ್ತು ಸಲ ತಿದ್ದಿ ಬರೆದ. ಗುಡ್ಡದ ಕಾವಲುಗಾರ ಹಂಪಯ್ಯನಿಗೆ ದಿನಕ್ಕೆ ಮೂರು ಸಲ ಫೋನು ಮಾಡಿದ.

“ಹಂಪಯ್ಯ, ಫ್ಯಾನು ಹೆಂಗೈತಿ?”

“ಮಸ್ತ್ ಐತ್ರಿ ಸರ.”

“ಯಾವ ಕಡೆ ನೋಡಾಕತ್ತೈತಿ?”

“ಆ ಕಡೆ.”

“ಆ ಕಡೆ ಅಂದ್ರ?”

“ಕೈ ಮಾಡಿ ತೋರ್ಸಾಕತ್ತೀನಲ್ರಿ ಸರ.”

ಪರೀಕ್ಷೆಗೆ ಮೂರು ದಿನ ಇರುವಾಗ, ಸೋಮವಾರ, ಅವನೇ ಗುಡ್ಡ ಹತ್ತಿದ. ಹತ್ತು ಗಂಟೆ ಐದು ನಿಮಿಷಕ್ಕೆ ಆಕಾಶದಿಂದ ಒಂದು ಕಂದು ರೆಕ್ಕೆಯ, ಬಿಳಿ ಎದೆಯ ಗರುಡ ಸಾವಕಾಶ ಇಳಿದು ಬಂದು, ಬಾಣದ ಮೂತಿಯ ಗುಂಡಿನ ಮೇಲೆ ಕೂತಿತು. ಹಂಪಯ್ಯ ಕೈಯಲ್ಲಿದ್ದ ಚಹಾ ಕೆಳಗಿಟ್ಟು, ಗಲ್ಲ ಗಲ್ಲ ಬಡಿದುಕೊಂಡು, ಕೈ ಮುಗಿದ.

ಬಸವಕುಮಾರ ಬಾಯಿ ತೆರೆದು ನೋಡುತ್ತ ನಿಂತ. ಅಷ್ಟು ದೊಡ್ಡ ಹಕ್ಕಿ ಮೂತಿಯ ಮೇಲೆ ಕೂತರೆ ಗಾಳಿ ಬಾಲದ ತಗಡಿಗಿಂತ ಹಕ್ಕಿಯನ್ನೇ ಹೆಚ್ಚು ತಳ್ಳುತ್ತದೆ. ಬಾಣ ಗಿರ್ರನೆ ತಿರುಗಿತು. ಮೂತಿ ಇದ್ದಲ್ಲಿ ಬಾಲ, ಬಾಲ ಇದ್ದಲ್ಲಿ ಮೂತಿ. ಗರುಡ ರೆಕ್ಕೆ ಬಿಚ್ಚಿ, ಮತ್ತೆ ಮಡಚಿಕೊಂಡು, ಗಾಳಿಗೆ ಎದೆ ಕೊಟ್ಟು ಕೂತಿತು. ಎರಡು ನಿಮಿಷದ ಮೇಲೆ ಅವನ ಬುದ್ಧಿವಂತ ಪ್ರೋಗ್ರಾಂ ಆ ಸುಳ್ಳನ್ನು ಪೂರ್ತಿ ನಂಬಿ, ಫ್ಯಾನಿನ ಕತ್ತನ್ನು ಹಿಂದಕ್ಕೆ ತಿರುಗಿಸಿತು.

“ಇದು ಎಷ್ಟು ದಿನದಿಂದ ಇಲ್ಲಿ ಕುಂದ್ರತೈತಿ?”

“ತಿಂಗಳಾತ್ರಿ. ಹತ್ತಕ್ಕ ಬರ್ತೈತಿ, ಹನ್ನೆರಡಕ್ಕ ಹೋಗತೈತಿ. ನಮ್ಮ ಆಫೀಸಿನವ್ರಿಗಿಂತ ಟೈಮ್ ಸರಿ.”

“ಮತ್ತ ನನಗ ಯಾಕ ಹೇಳಲಿಲ್ಲ?”

“ನೀವು ಫ್ಯಾನಿನ ವಿಚಾರ ಕೇಳಿದ್ರಿ ಸರ. ದೇವರ ವಿಚಾರ ಕೇಳಲಿಲ್ಲ.”

ಬಸವಕುಮಾರ ಒಂದು ಕಲ್ಲು ಎತ್ತಿದ. ಹಂಪಯ್ಯ ಅವನ ಮಣಿಕಟ್ಟು ಹಿಡಿದ. “ಬ್ಯಾಡ್ರಿ ಸರ. ನನಗ ಮೂರು ಮಂದಿ ಹೆಣ್ಮಕ್ಕಳು ಅದಾರ.” ನಿಜ ಹೇಳಬೇಕೆಂದರೆ ಬಸವಕುಮಾರನಿಗೂ ಧೈರ್ಯವಿರಲಿಲ್ಲ. ಶಿವನ ಮನೆತನದವನಾದರೇನಂತೆ, ವಿಷ್ಣುವಿನ ವಾಹನಕ್ಕೆ ಕಲ್ಲು ಹೊಡೆದು ಇಬ್ಬರ ನಡುವೆ ಜಗಳ ಹಚ್ಚುವುದು ಯಾಕೆ? ಅವನು ಚಪ್ಪಾಳೆ ತಟ್ಟಿದ, ಶಿಳ್ಳೆ ಹಾಕಿದ, ಕರ್ಚೀಫು ಬೀಸಿದ. ಊಟದ ಹೊತ್ತಿಗೆ ಬಂದ ಗಿರಾಕಿಯನ್ನು ಗುಮಾಸ್ತ ನೋಡುವಂತೆ ಗರುಡ ಅವನನ್ನು ನೋಡಿತು.

ಅವನು ಗಾದಿಲಿಂಗಪ್ಪನವರಿಗೆ ಫೋನು ಮಾಡಿದ.

“ಗರುಡ? ನಮ್ಮ ಫ್ಯಾನಿನ ಮ್ಯಾಲ? ಫೋಟೋ ತಗೊಂಡಿಯೇನಪ?” ಅವರ ದನಿ ಏರಿತು. “ವರದಿ ಮುಖಪುಟಕ್ಕ ಭಾಳ ಚಂದ ಬರ್ತೈತಿ!”

“ಸರ್, ಅದು ಕುಂತ್ರ ಫ್ಯಾನು ತಿರುಗಿ ನಿಂದ್ರತೈತಿ. ಗುರುವಾರ ಪರೀಕ್ಷೆ.”

ಆ ಕಡೆಯಿಂದ ಪ್ರಶ್ನೆ ಬಂತು: “ಗುರುವಾರ ಬರಬ್ಯಾಡ ಅಂತ ಅದಕ್ಕ ಹೇಳಾಕ ಬರಂಗಿಲ್ಲೇನು?”

ಮರುದಿನ ಬೆಳಿಗ್ಗೆ ಅವನು ತಿಪ್ಪಕ್ಕನ ಮುಂದೆ ಎಲ್ಲವನ್ನೂ ಹೇಳಿಕೊಂಡ. ತಿಪ್ಪಕ್ಕ ಒಂದು ಜಿಲೇಬಿ ಮೀನಿನ ತಲೆ ತೆಗೆಯುತ್ತ ಕೇಳಿದಳು, “ಅಲ್ರೀ ಸಾಹೇಬ್ರ, ತಿಂಗಳ ಹಿಂದ ಆ ಫ್ಯಾನಿಗೆ ಏನರ ಹಚ್ಚಿದ್ರೇನು?”

ಹಚ್ಚಿದ್ದರು. ಒಂದೇ ಫೈಲಿನ ಎರಡು ಅರ್ಧಗಳನ್ನು ಹೇಗಾದರೂ ಕೂಡಿಸಬೇಕೆಂದು ಗಾದಿಲಿಂಗಪ್ಪನವರೇ ಯೋಚಿಸಿ, ಮೀನಿನ ಎಣ್ಣೆಯಿಂದ ಗ್ರೀಸು ಮಾಡಿಸಿ, ಫ್ಯಾನಿನ ಕತ್ತಿನ ಹಲ್ಲುಗಾಲಿಗೆ ಧಾರಾಳವಾಗಿ ಬಳಿಸಿದ್ದರು. ಸ್ಯಾಂಪಲ್ ಏಳು.

“ಸೋಸಿದ್ರಿ?”

“ಇಲ್ಲ.”

“ಹುರುಪಿ ಎಲ್ಲಾ ಅದರಾಗ ಐತೆನ್ರಿ ಹಂಗಾದ್ರ! ಗರುಡಕ್ಕ ಮೂಗಿಲ್ಲ ಸಾಹೇಬ್ರ, ಕಣ್ಣು. ಬಿಸಿಲಿಗೆ ಮಿಂಚಿದ್ದೆಲ್ಲಾ ಅದಕ್ಕ ಮೀನ. ನೀವು ಅರವತ್ತು ಅಡಿ ಮ್ಯಾಲ ಅಂಗಡಿ ತೆರದೀರಿ, ಗಿರಾಕಿ ಬಂದೈತಿ.”

ಗ್ರೀಸು ಒರೆಸಬೇಕೆಂದರೆ ಕ್ರೇನು ಬೇಕು. ಕ್ರೇನು ಸಿಗುವುದು ಮುಂದಿನ ಸೋಮವಾರ.

“ಓಡಿಸಬ್ಯಾಡ್ರಿ. ಕರೀರಿ,” ಎಂದಳು ತಿಪ್ಪಕ್ಕ. “ಅದು ಕುಂತಾಗ ಕಂಬದಿಂದ ದೂರ ಒಂದು ತುಂಡು ಮ್ಯಾಲಕ್ಕ ತೂರ್ರಿ. ಗಾಳ್ಯಾಗ ಹಿಡೀತೈತಿ. ಡ್ಯಾಮಿನ ಕಡೆ ನಾನು ದಿನಾ ಇದೇ ಮಾಡಾಕಿ. ಆದ್ರ ನನ್ನ ತೋಳು ನಾಕು ಮಾರಿಗೆ ಸಾಕಾಗತೈತಿ. ನಿಮ್ಮ ಫ್ಯಾನಿನ ಎತ್ತರಕ್ಕ ತೋಳು ಬೇರೆ ಬೇಕು.”

ಬುಧವಾರ ಬಸವಕುಮಾರ ರಜೆ ಹಾಕಿ ಕಂಪ್ಲಿಗೆ ಹೋಗಿ, ಗಿರಣಿಯ ಅಂಗಳದಲ್ಲಿ ಅಭ್ಯಾಸಕ್ಕೆ ನಿಂತ. ಮೀನಿನ ಬದಲು ನಿಂಬೆಹಣ್ಣು. ಇಕ್ಕಳದಲ್ಲಿ ಹಿಡಿದು, ಬೆನ್ನ ಹಿಂದಿನಿಂದ ಬೀಸಿ ಎಸೆದ. ಮೊದಲನೆಯದು ಅವನ ಹಿಂದೆಯೇ ಬಿತ್ತು. ಎರಡನೆಯದು ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಮೂರನೆಯದು ನೇರ ಮೇಲೆ ಹೋಗಿ ನೇರ ಅವನ ತಲೆಯ ಮೇಲೆ ಇಳಿಯಿತು.

ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ಅಜ್ಜಿ ಕೇಳಿದಳು, “ಏನ್ ಮಾಡಾಕತ್ತೀಯಲೇ ಬಸ್ಯಾ? ನಿನಗ ನೀನೇ ದೃಷ್ಟಿ ತಗೀತೀಯೇನು?”

ಅವನು ಹೇಳಿದ. ಗ್ರೀಸು, ಗರುಡ, ಅರವತ್ತು ನಿಮಿಷ, ದಿಂಬು. ಅಜ್ಜಿ ಪೂರ್ತಿ ಕೇಳಿ, ಎಲೆಯುಗುಳಿ, ಎದ್ದು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಹಗ್ಗದ ಒಂದು ಕವಣೆ ಇತ್ತು. ಎರಡು ಎಳೆ, ನಡುವೆ ಕಲ್ಲು ಕೂರುವ ಹೆಣೆದ ಬಟ್ಟಲು. ಬುಕ್ಕಸಾಗರದ ತವರಿನಿಂದ ಮದುವೆಯ ಸಾಮಾನಿನ ಜೊತೆ ಬಂದದ್ದಂತೆ. ಎಂಟನೇ ವಯಸ್ಸಿನಿಂದ ಮದುವೆಯಾಗುವವರೆಗೆ ಅವಳು ಭತ್ತದ ಗದ್ದೆಯ ಅಟ್ಟದ ಮೇಲೆ ನಿಂತು ಹಕ್ಕಿ ಕಾದವಳು.

“ಗಿಳಿ ಹೊಡದೀಯೇನು ಅಜ್ಜಿ?”

“ಒಂದೂ ಹೊಡದಿಲ್ಲ. ಗಿಳಿ ಬಾಜೂಕ ಇರೋ ತೆಂಗಿನ ಗರಿ ಹೊಡೀತಿದ್ದೆ. ಗಿಳಿ ತಾನೇ ತಿಳಕೊಂತಿತ್ತು.”

ಅವಳು ಒಂದು ನಿಂಬೆಹಣ್ಣನ್ನು ಕವಣೆಗಿಟ್ಟು, ಸೆರಗು ಸಿಕ್ಕಿಸಿ, ತಲೆಯ ಮೇಲೆ ಮೂರು ಸುತ್ತು ತಿರುಗಿಸಿ ಬಿಟ್ಟಳು. ಅಂಗಳದ ಆ ತುದಿಯಲ್ಲಿ, ಗಿರಣಿಯ ಮಾಡಿಗೆ ತೂಗುಹಾಕಿದ್ದ ಗಂಟೆ ಠಣ್ ಎಂದಿತು. ಬೆಳಿಗ್ಗೆ ಹತ್ತೂವರೆಗೆ ಗಿರಣಿಯ ಹಮಾಲರೆಲ್ಲ ಊಟದ ಡಬ್ಬಿ ಹಿಡಿದು ಹೊರಗೆ ಬಂದರು.

“ಎಪ್ಪತ್ತನಾಕು ಅದಾವು ನನಗ,” ಎಂದಳು ಅಜ್ಜಿ, ಕಣ್ಣು ಕಿರಿದು ಮಾಡಿ. “ಸ್ವಲ್ಪ ಎಡಕ್ಕ ಹೋತು. ನಾಳೆ ನಾನೂ ಬರ್ತೀನಿ. ಆದ್ರ ಮಾತಂದ್ರ ಮಾತು. ಮೀನ ನೀನೂ ಮುಟ್ಟಂಗಿಲ್ಲ, ನಾನೂ ಮುಟ್ಟಂಗಿಲ್ಲ. ನೀನು ಇಕ್ಕಳದಾಗ ಹಿಡದು ಇದರಾಗ ಇಡು. ನಾನು ಬೀಸ್ತೀನಿ.”

ಗುರುವಾರ ಗುಡ್ಡದ ಮೇಲೆ ಗಾಳಿ ಹುಚ್ಚು ಹಿಡಿದಂತೆ ಪಶ್ಚಿಮದಿಂದ ಬೀಸುತ್ತಿತ್ತು. ಶಾಮಿಯಾನ ಎರಡು ಸಲ ಹಾರಿಹೋಗಿ, ಮೂರನೆಯ ಸಲ ಹಂಪಯ್ಯ ಅದನ್ನು ಜೀಪಿಗೇ ಕಟ್ಟಿದ್ದ. ಅದರಡಿಯ ಮೇಜಿನ ಮೇಲೆ ಗಾದಿಲಿಂಗಪ್ಪನವರ ಏಳೂ ಸ್ಯಾಂಪಲ್‌ಗಳು, ಜೊತೆಗೆ ಹೊಸದಾಗಿ ಸೇರಿಸಿದ ಸ್ಯಾಂಪಲ್ ಎಂಟು: ಉಪ್ಪು ಸವರಿ ಒಣಗಿಸಿದ ಆರು ಸಣ್ಣ ಮೀನು. ಬೆಂಗಳೂರಿನ ತಜ್ಞೆ ಡಾಕ್ಟರ್ ಸುಧಾರಾಣಿ ಹತ್ತೂಮುಕ್ಕಾಲಿಗೆ ಕಾರಿನಿಂದ ಇಳಿದರು. ಗಾಳಿಯಂತ್ರಗಳನ್ನು ಬಿಟ್ಟು ಬೇರೆ ಯಾವುದರಲ್ಲೂ ಆಸಕ್ತಿಯಿಲ್ಲದ, ಚುರುಕು ನಡಿಗೆಯ ಹೆಂಗಸು.

“ಸರಿಯಾಗಿ ಒಂದು ಗಂಟೆ ನೋಡ್ತೀನಿ,” ಎಂದು ಫೋನಿನ ಗಡಿಯಾರ ತೆರೆದರು. “ಆಮೇಲೆ ನನಗೆ ಹಂಪಿ ನೋಡಬೇಕು. ಕಾಲೇಜಲ್ಲಿ ಓದುವಾಗಿಂದ ಅಂದ್ಕೊಂಡಿದೀನಿ. ಒಂದು ಸಲ ಗಾಳಿಗೆ ಬೆನ್ನು ಹಾಕಿದ್ರೂ ಫೇಲು. ಯಾರೂ ಯಂತ್ರ ಮುಟ್ಟಬಾರದು.” ಆಮೇಲೆ ಅವರ ಕಣ್ಣು ಕಂಬದಿಂದ ಇಪ್ಪತ್ತು ಮಾರು ದೂರದ ಬಂಡೆಯ ಕಡೆ ಹೋಯಿತು. ಅಲ್ಲಿ ಒಬ್ಬ ಮುದುಕಿ ಸೆರಗು ಸಿಕ್ಕಿಸಿ ನಿಂತಿದ್ದಳು. ಅವಳ ಪಕ್ಕ ಒಬ್ಬಳು ಈಳಿಗೆ ಹಾಕಿಕೊಂಡು ಕೂತಿದ್ದಳು. “ಅವರು ಯಾರು?”

“ನಿಯಂತ್ರಣ ವಿಭಾಗ ಮೇಡಂ,” ಎಂದರು ಗಾದಿಲಿಂಗಪ್ಪ.

ಹನ್ನೊಂದಕ್ಕೆ ಗಡಿಯಾರ ಶುರುವಾಯಿತು. ಗಾಳಿಯ ಜೋರಿಗೋ ಏನೋ, ಅಂದು ಹತ್ತಕ್ಕೆ ಬಾರದಿದ್ದ ಗರುಡ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ಬಂದು ಮೂತಿಯ ಮೇಲೆ ಕೂತಿತು. ಹಂಪಯ್ಯ ಗಲ್ಲ ಬಡಿದುಕೊಂಡ. ಅಜ್ಜಿಯೂ ಬಡಿದುಕೊಂಡಳು. ಬಾಣ ಗಿರ್ರನೆ ತಿರುಗಿತು.

“ಎರಡು ನಿಮಿಷ ಐತಿ ಅಜ್ಜಿ! ರೆಕ್ಕಿ ಕಡೆ ಬ್ಯಾಡ, ಹಿಂದಕ್ಕ, ಹಿಂದಕ್ಕ ಬಿಡು!” ಬಸವಕುಮಾರ ಇಕ್ಕಳದಲ್ಲಿ ಒಂದು ಒಳ್ಳೆಯ ಕಾಟ್ಲಾ ಮೀನಿನ ತಲೆ ಹಿಡಿದು ಕವಣೆಗಿಟ್ಟ. ಕವಣೆ ಮೂರು ಸುತ್ತು ಸುತ್ತಿತು. ಮೀನಿನ ತಲೆ ಆಕಾಶಕ್ಕೆ ಹಾರಿತು, ಬಿಸಿಲಿನಲ್ಲಿ ಮಿಂಚಿತು. ಗರುಡ ಮೂತಿ ಬಿಟ್ಟು ಜಿಗಿದು, ಗಾಳಿಯಲ್ಲೇ ಅದನ್ನು ಕಾಲಿನಲ್ಲಿ ಹಿಡಿಯಿತು. ಎಲ್ಲರೂ ಹೋ ಎಂದರು. ಗರುಡ ಒಂದು ಸುತ್ತು ಹಾಕಿ, ತಲೆಯ ಸಮೇತ ಬಂದು, ಅದೇ ಮೂತಿಯ ಮೇಲೆ ಕೂತು, ನಿಧಾನವಾಗಿ ಉಣ್ಣತೊಡಗಿತು.

“ಅಯ್ಯ ನಿಮ್ಮ!” ತಿಪ್ಪಕ್ಕ ಹಣೆ ಬಡಿದುಕೊಂಡಳು. “ಅಷ್ಟು ದೊಡ್ಡದು ಕೊಟ್ರ ಕುಂತೇ ತಿಂತೈತಿ. ಎಲಿ ಹಾಕಿದಂಗಾತು! ಸಣ್ಣದು ಕೊಡ್ರಿ, ಹಾರಿಕೋತ ನುಂಗತೈತಿ.” ಅವಳ ಈಳಿಗೆ ಟಕಟಕನೆ ಶುರುವಾಯಿತು.

ಒಂದೂವರೆ ನಿಮಿಷ ಕಳೆಯಿತು. ಗರುಡ ತಲೆಯ ಒಂದು ಕಣ್ಣನ್ನು ಮಾತ್ರ ಮುಗಿಸಿತ್ತು. ಅಜ್ಜಿ ಹೆಬ್ಬೆರಳಿನಷ್ಟು ದೊಡ್ಡ ಬಾಲದ ತುಂಡನ್ನು ಅದರ ಕೊಕ್ಕಿನ ಮುಂದಿನಿಂದಲೇ ಹಾಯಿಸಿದಳು. ಗರುಡಕ್ಕೆ ಆಸೆ ತಡೆಯಲಿಲ್ಲ. ಕಾಟ್ಲಾ ತಲೆಯನ್ನು ಅಲ್ಲೇ ಬಿಟ್ಟು ಬಾಲದ ಹಿಂದೆ ಹೋಯಿತು. ಬಿಟ್ಟ ತಲೆ ಅರವತ್ತು ಅಡಿ ಇಳಿದು ಶಾಮಿಯಾನದ ಮೇಲೆ ಧಪ್ಪನೆ ಬಿತ್ತು. ಬಾಣ ಸರಿಯಾಯಿತು. ಫ್ಯಾನು ಅಲುಗಲಿಲ್ಲ.

ಆಮೇಲೆ ಕೆಲಸ ಒಂದು ಲಯಕ್ಕೆ ಬಂತು. ತಿಪ್ಪಕ್ಕ ಕೊಯ್ಯುವಳು, ಬಸವಕುಮಾರ ಇಕ್ಕಳದಿಂದ ಎತ್ತಿ ಇಡುವನು, ಅಜ್ಜಿ ಬೀಸುವಳು. ಗರುಡ ಹಾರಿ ಹಿಡಿಯುವುದು, ನುಂಗುವುದು, ಬಂದು ಕೂರುವುದು, ಮತ್ತೆ ಹಾರುವುದು. “ಜಲ್ದಿ ಕೊಡಲೇ,” ಎನ್ನುವಳು ಅಜ್ಜಿ. “ಸಾಹೇಬ್ರ, ಇದು ಮೀನ, ಮದಿಮಗಳಲ್ಲ, ಅಷ್ಟು ನಾಜೂಕ ಬ್ಯಾಡ,” ಎನ್ನುವಳು ತಿಪ್ಪಕ್ಕ. ಹಂಪಯ್ಯ ಪ್ರತಿ ಸಲ ಗರುಡ ಬಂದಾಗ ಗಲ್ಲ ಬಡಿದುಕೊಂಡು, ಮೂವತ್ತನೆಯ ನಿಮಿಷದ ಹೊತ್ತಿಗೆ ಎರಡೂ ಗಲ್ಲ ಕೆಂಪಾಗಿಸಿಕೊಂಡಿದ್ದ. ಅಜ್ಜಿ ಬೀಸುತ್ತ ಬೀಸುತ್ತ ಹರೆಯದವಳಾಗುತ್ತಿದ್ದಳು. “ಇಕಾ ನೋಡು ತಂಗಿ, ಈಗ ಎಡಗಡೆ ತಿನ್ನಸ್ತೀನಿ,” ಎಂದು ತಿಪ್ಪಕ್ಕನಿಗೆ ಮೊದಲೇ ಹೇಳಿ, ಹಾಗೆಯೇ ಮಾಡುತ್ತಿದ್ದಳು.

ಸುಧಾರಾಣಿ ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ಆಕಾಶದ ಮೇಲೆ ಇಟ್ಟು ಏನನ್ನೋ ಬರೆದುಕೊಳ್ಳುತ್ತಿದ್ದರು.

ಐವತ್ತನೆಯ ನಿಮಿಷಕ್ಕೆ ಬುಟ್ಟಿ ಖಾಲಿಯಾಯಿತು.

“ಇಷ್ಟೇನಾ?” ಬಸವಕುಮಾರನ ದನಿ ಕೀರಲಾಯಿತು.

“ನಿಮ್ಮ ಡಾಕ್ಟ್ರು ಬೆಳಿಗ್ಗೆ ಅರ್ಧ ಬುಟ್ಟಿ ವಾಪಸ್ ಕಳಿಸಿದ್ರು, ಮೇಡಂಗೆ ವಾಸನಿ ಬರ್ತೈತಿ ಅಂತ!”

ಎಲ್ಲರೂ ಮೇಜಿನ ಕಡೆ ನೋಡಿದರು. ಗಾದಿಲಿಂಗಪ್ಪ ಸ್ಯಾಂಪಲ್ ಎಂಟರ ಮುಂದೆ ಎರಡೂ ಕೈ ಅಗಲಿಸಿ ನಿಂತರು. “ಬ್ಯಾಡಪ. ಇದಕ್ಕ ನಂಬರ್ ಹಾಕೀನಿ.” ಗರುಡ ಮೂತಿಯ ಮೇಲೆ ಕೂತಿತು. ಬಾಣ ತಿರುಗಿತು. ಅವರು ಫ್ಯಾನನ್ನೊಮ್ಮೆ, ಬಾಟಲಿಯನ್ನೊಮ್ಮೆ ನೋಡಿ, ಕಣ್ಣು ಮುಚ್ಚಿ, ಮುಚ್ಚಳ ತೆಗೆದರು. ಒಂದೊಂದು ಒಣಮೀನು ಹೋದಂತೆ, ಸ್ವಂತ ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಮೂಗು ಒರೆಸಿಕೊಂಡರು. ಆರು ಮೀನು ಏಳು ನಿಮಿಷಕ್ಕೆ ಬಂದವು.

ಐವತ್ತೇಳನೆಯ ನಿಮಿಷ. ಗರುಡ ಮತ್ತೆ ಬಂದು ಕೂತಿತು. ಬಾಣ ತಿರುಗಿತು. ಕೊಡಲು ಏನೂ ಇರಲಿಲ್ಲ. ಬಸವಕುಮಾರ ಪ್ರೋಗ್ರಾಂನ ಎರಡು ನಿಮಿಷವನ್ನು ಮನಸ್ಸಿನಲ್ಲೇ ಎಣಿಸತೊಡಗಿದ. ಎರಡಾದ ಮೇಲೆ ಕತ್ತು ತಿರುಗುತ್ತದೆ, ತಿರುಗಿದರೆ ಫೇಲು. ನವಿಲಿನ ದಿಂಬು ಕುಣಿಯಿತು. ಅವನು ಬುಟ್ಟಿ ಬೋರಲು ಹಾಕಿದ, ನೆಲ ಹುಡುಕಿದ, ಶಾಮಿಯಾನ ಅಲ್ಲಾಡಿಸಿದ. ಕಾಟ್ಲಾ ತಲೆಯನ್ನು ಯಾವುದೋ ಕಾಗೆ ಆಗಲೇ ಒಯ್ದಿತ್ತು. ಒಂದು ನಿಮಿಷ. ಒಂದೂಕಾಲು.

ಗಾಬರಿಯಲ್ಲಿ ಅವನು ಎರಡೂ ಕೈ ಮೇಲೆತ್ತಿದ. ಬಲಗೈಯಲ್ಲಿದ್ದ ಇಕ್ಕಳ ಬಿಸಿಲಿಗೆ ಝಗ್ ಎಂದಿತು. ಗರುಡದ ಕತ್ತು ಅತ್ತ ಹೊರಳಿತು.

ಅವನು ಕೈ ಎಡಕ್ಕೆ ಸರಿಸಿದ. ಕತ್ತು ಎಡಕ್ಕೆ ಹೊರಳಿತು.

ತಿಪ್ಪಕ್ಕ ಮೊದಲು ನೋಡಿದಳು. “ಮೂರು ವರ್ಷದ ಹುರುಪಿ ಐತಿ ಅದರ ಮ್ಯಾಲ! ಅದಕ್ಕ ಅದೂ ಒಂದು ಮೀನರೀ!”

ಬಸವಕುಮಾರ ಇಕ್ಕಳವನ್ನು ಎದೆಗೊತ್ತಿಕೊಂಡ. “ಅಜ್ಜಿ, ಇದು ಹೋದ್ರ ನಾಳೆಯಿಂದ ನಾನು ಮೀನ ಹೆಂಗ...”

“ನಾಳೆ ಅನ್ನೋದು ಇದ್ರ ಅಲ್ಲೇನಲೇ! ಇಡು ಇದರಾಗ!”

ಇಟ್ಟ. ಇಕ್ಕಳ ಬಟ್ಟಲಿನಲ್ಲಿ ಸರಿಯಾಗಿ ಕೂರಲಿಲ್ಲ, ಎರಡೂ ಕಡೆ ಚಾಚಿಕೊಂಡಿತ್ತು. ಅಜ್ಜಿ ಈ ಸಲ ಮೂರಲ್ಲ, ಐದು ಸುತ್ತು ತಿರುಗಿಸಿದಳು. ಇಕ್ಕಳ ಗಿರಗಿರನೆ ತಿರುಗುತ್ತ, ಬೆಳ್ಳಿಯ ಚಕ್ರದಂತೆ ಮಿಂಚುತ್ತ, ಗುಡ್ಡದ ಪೂರ್ವದ ಇಳಿಜಾರಿನ ಮೇಲಕ್ಕೆ ಏರಿತು. ಜೀವಮಾನದಲ್ಲಿ ಅಷ್ಟು ದೊಡ್ಡ ಮೀನನ್ನು ಗರುಡ ಕಂಡಿರಲಿಲ್ಲ. ಅದು ಮೂತಿಯನ್ನು ಒದ್ದು ಹಾರಿತು. ಇಕ್ಕಳವನ್ನು ಎರಡೂ ಕಾಲಲ್ಲಿ ಹಿಡಿಯಿತು, ಭಾರಕ್ಕೆ ಒಂದು ಮಾರು ಕುಸಿಯಿತು, ರೆಕ್ಕೆ ಬಡಿದು ಸಾವರಿಸಿಕೊಂಡಿತು, ಮತ್ತು ಮೂತಿಯ ಕಡೆ ತಿರುಗಿಯೂ ನೋಡದೆ, ಹಂಚಿಕೊಳ್ಳಲು ಮನಸ್ಸಿಲ್ಲದವರಂತೆ, ಕಣಿವೆಯ ಕಡೆ ಹಾರುತ್ತ ಹಾರುತ್ತ ಚುಕ್ಕೆಯಾಯಿತು.

ಬಾಣ ನಡುಗಿ, ಹೊರಳಿ, ಗಾಳಿಗೆ ಮೂತಿ ಕೊಟ್ಟಿತು. ಫ್ಯಾನು ಅಲುಗಲಿಲ್ಲ. ಐವತ್ತೊಂಬತ್ತು. ಅರವತ್ತು.

ಸುಧಾರಾಣಿ ಗಡಿಯಾರ ನಿಲ್ಲಿಸಿದರು. “ಒಂದು ವಿಷಯ ಹೇಳ್ಲಾ? ಈ ಫೈಲಲ್ಲಿ ಮೀನು ಯಾಕಿದೆ ಅಂತ ಬೆಂಗಳೂರಲ್ಲಿ ಮೂರು ವರ್ಷದಿಂದ ಯಾರಿಗೂ ಅರ್ಥ ಆಗಿರಲಿಲ್ಲ. ಇವತ್ತು ಆಯ್ತು. ಹಕ್ಕಿನ ಯಂತ್ರದಿಂದ ದೂರ ಇಡೋಕೆ!”

“ಅದೇ ಮೇಡಂ, ಅದೇ!” ಎಂದರು ಗಾದಿಲಿಂಗಪ್ಪ.

ಬಸವಕುಮಾರ ಸುಮ್ಮನಿರಬಹುದಿತ್ತು. ಆದರೆ ಎರಡು ನಿಮಿಷ ನೋಡದೆ ಯಾವುದನ್ನೂ ನಂಬಬಾರದೆಂದು ಯಂತ್ರಕ್ಕೆ ಕಲಿಸಿದವನು ಅವನು. “ಅಲ್ಲ ಮೇಡಂ. ಹಕ್ಕಿ ಬಂದಿದ್ದೇ ನಮ್ಮ ಮೀನಿನ ಗ್ರೀಸಿಗೆ. ಸೋಸಿರಲಿಲ್ಲ.”

ಗಾದಿಲಿಂಗಪ್ಪ ಖಾಲಿ ಬಾಟಲಿಯನ್ನು ನೋಡುತ್ತ ನಿಂತರು. ಸುಧಾರಾಣಿ ಅವನನ್ನೂ, ಫ್ಯಾನನ್ನೂ, ಕವಣೆ ಸುತ್ತಿಕೊಳ್ಳುತ್ತಿದ್ದ ಅಜ್ಜಿಯನ್ನೂ ನೋಡಿದರು. “ಅಂದ್ರೆ ತೊಂದರೆ, ಪರಿಹಾರ ಎರಡೂ ಒಂದೇ ಬುಟ್ಟಿಯಿಂದ ಬಂದಿದೆ. ಒಂದೇ ಫೈಲಲ್ಲಿ ಇರೋದು ಸರಿಯಾಗೇ ಇದೆ.” ನಕ್ಕರು. “ನಿಮ್ಮ ಪ್ರೋಗ್ರಾಂ ತಪ್ಪು ಮಾಡಿಲ್ಲ. ಯಾರೂ ಯಂತ್ರ ಮುಟ್ಟಿಲ್ಲ. ಪಾಸು. ಗ್ರೀಸು ಸೋಸಿ. ಇನ್ನು ಹಂಪಿಗೆ ದಾರಿ ಯಾವುದು?”

“ಆ ಕಡೆ,” ಎಂದು ಹಂಪಯ್ಯ ಕೈ ತೋರಿಸಿದ.

ಕಂಪ್ಲಿಯಲ್ಲಿ ಆ ಸಂಜೆ ಅಪ್ಪ ನವಿಲಿನ ದಿಂಬನ್ನು ಅಜ್ಜಿಯ ಬೆನ್ನಿಗೆ ಇಟ್ಟರು. ಅವಳ ತೋಳು ಮೂರು ದಿನ ಮೇಲೆ ಏಳಲಿಲ್ಲ. ತಿಪ್ಪಕ್ಕ ಯಾವುದೋ ಎಣ್ಣೆ ಕಳಿಸಿದ್ದಳು, ತಿಕ್ಕಿಕೊಳ್ಳಲು. ಯಾವ ಎಣ್ಣೆ ಎಂದು ಬಸವಕುಮಾರ ಕೇಳಲಿಲ್ಲ, ಅಜ್ಜಿಯೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಕೇಂದ್ರದ ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿದ್ದ. ತಿಪ್ಪಕ್ಕ ಬುಟ್ಟಿ ಇಳಿಸಿ, ಕೈಗಳನ್ನು ಸೊಂಟದ ಮೇಲಿಟ್ಟು, ಅವನು ಏನು ಮಾಡುತ್ತಾನೆಂದು ನೋಡುತ್ತಿದ್ದಳು. ಅಷ್ಟರಲ್ಲಿ ಫೋನು ಬಂತು. ಹಂಪಯ್ಯ.

“ಸರ, ನಿಮ್ಮ ಇಕ್ಕಳ ಸಿಕ್ತ್ರಿ. ಕಣಿವಿ ಹುಣಸಿ ಮರದಾಗ, ಗರುಡದ ಹಳೇ ಗೂಡಿನಾಗ ಐತಿ. ನಡುವ ಚಂದಾಗಿ ಇಟ್ಟುಕೊಂಡೈತಿ.”

“ತರಾಕ ಆಗತೈತೇನು?”

“ಗೂಡಿಗೆ ಕೈ ಹಾಕಾಕ ನನಗ ಆಗಂಗಿಲ್ರಿ ಸರ, ಹೆಣ್ಮಕ್ಕಳು ಅದಾರ. ಇನ್ನೊಂದು ಸುದ್ದಿ. ಇವತ್ತು ಹತ್ತಕ್ಕ ಅದು ಫ್ಯಾನಿಗೆ ಬರಲಿಲ್ಲ. ಗೂಡಿನಾಗ ಕುಂತು ಅದನ್ನ ಕುಕ್ಕಾಕತ್ತೈತಿ. ಎಷ್ಟು ದಿನ ಬೇಕಾದ್ರೂ ಕುಕ್ಕಲಿ, ಮುಗಿಯಂಗಿಲ್ಲ.”

ಬಸವಕುಮಾರ ಫೋನು ಕಿಸೆಗಿಟ್ಟ. ಕ್ರೇನು ಬರುವ ಹೊತ್ತಾಗಿತ್ತು. ಬುಟ್ಟಿಯಲ್ಲಿ ತಲೆಗಳು ಕಾಯುತ್ತಿದ್ದವು. ಅವನು ಕಿಸೆಯ ಇನ್ನೊಂದು ಬದಿಯಿಂದ, ಬೆಳಿಗ್ಗೆ ಹೊರಡುವಾಗ ಅಜ್ಜಿ ಕೊಟ್ಟ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ರೊಟ್ಟಿ ತಿರುವುವ ಒಂದು ಚಿಕ್ಕ ಇಕ್ಕಳ ಇತ್ತು, ಬೆರಳಿನಷ್ಟು ಉದ್ದ.

ತಿಪ್ಪಕ್ಕ ಅದನ್ನು ನೋಡಿದಳು, ಅವನ ಬೆರಳು ನೋಡಿದಳು, ಬುಟ್ಟಿ ನೋಡಿದಳು.

“ಏಳ್ರವ್ವ,” ಎಂದಳು ಮೀನಿನ ತಲೆಗಳಿಗೆ, “ಇವತ್ತು ಸಾಹೇಬ್ರು ಭಾಳ ಹತ್ರ ಬರ್ತಾರ.”